ಬ್ಯಾಂಡ್ ಸದಸ್ಯರ ಮೊದಲ ಸೋಲೋ ಆಲ್ಬಮ್: ಪದೇ ಪದೇ ಕೇಳುವ ಪ್ರಶ್ನೆಗಳು

ರಾಕ್ ಬ್ಯಾಂಡಿನಲ್ಲಿ ನುಡಿಸುವವರು, ಹಾಡುವವರು ಮೊದಲ ಸಲ ಸ್ವಂತ ಆಲ್ಬಮ್ ಮಾಡಲು ಕೂತಾಗ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ನುಡಿಸುವುದು ಹೇಗೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹಾಡನ್ನು ಕತ್ತರಿಸುವುದು, ಒಪ್ಪಂದ ಓದುವುದು, ‘ಈ ಟೇಕ್ ಸಾಲದು, ಇನ್ನೊಮ್ಮೆ’ ಎನ್ನುವುದು, ಇವೆಲ್ಲ ಬ್ಯಾಂಡಿನಲ್ಲಿ ನಾಲ್ಕು ಜನರ ನಡುವೆ ತಾನಾಗಿ ಹಂಚಿಹೋಗಿರುತ್ತಿದ್ದ ಕೆಲಸಗಳು. ಈಗ ಎಲ್ಲವೂ ಒಬ್ಬರ ಪಾಲಿಗೆ ಬರುತ್ತವೆ. ಮೊದಲ ಸೋಲೋ ಆಲ್ಬಮ್‌ಗಳು ಎಡವುವುದು ಬಹುಪಾಲು ಇಲ್ಲೇ.

ಬ್ಯಾಂಡಿನವರಿಗೆ ಯಾವಾಗ ಹೇಳಬೇಕು?

ಸ್ಟುಡಿಯೋಗೆ ಮುಂಗಡ ಕೊಡುವ ಮೊದಲು. ಬೇರೆಯವರ ಬಾಯಿಂದ ಸುದ್ದಿ ತಲುಪಿದರೆ ಆಲ್ಬಮ್ ಎಷ್ಟೇ ಒಳ್ಳೆಯದಿದ್ದರೂ ಮನಸ್ತಾಪ ಉಳಿದುಬಿಡುತ್ತದೆ. ‘ಏನೋ ಒಂದು ಸ್ವಂತದ್ದು ಮಾಡ್ತಿದ್ದೀನಿ’ ಎಂದು ತೇಲಿಸಿ ಹೇಳಬೇಡಿ. ಯಾವ ತಿಂಗಳುಗಳಲ್ಲಿ ಕೆಲಸ, ಯಾವ ಹಾಡುಗಳು, ಬ್ಯಾಂಡಿನ ಯಾವ ಕಾರ್ಯಕ್ರಮಗಳಿಗೆ ತೊಂದರೆಯಾಗಬಹುದು, ಪ್ರಚಾರದಲ್ಲಿ ಬ್ಯಾಂಡಿನ ಹೆಸರು ಬಳಸುತ್ತೀರೋ ಇಲ್ಲವೋ, ಇಷ್ಟನ್ನು ಬಿಡಿಸಿ ಹೇಳಿ. ಬ್ಯಾಂಡಿನ ಹೊಸ ಆಲ್ಬಮ್ ಹತ್ತಿರದಲ್ಲಿದ್ದರೆ ನಡುವೆ ಮೂರ್ನಾಲ್ಕು ತಿಂಗಳಾದರೂ ಅಂತರವಿರಲಿ.

ಮೊದಲೇ ಮಾತಾಡಿಕೊಂಡರೆ ಎಂಥ ವ್ಯವಸ್ಥೆಯೂ ಸಾಧ್ಯ. ಕಿಸ್ ಬ್ಯಾಂಡಿನ ನಾಲ್ವರೂ 1978ರ ಸೆಪ್ಟೆಂಬರ್ 18ರಂದು, ಒಂದೇ ದಿನ, ನಾಲ್ಕು ಬೇರೆ ಬೇರೆ ಸೋಲೋ ಆಲ್ಬಮ್ ಬಿಡುಗಡೆ ಮಾಡಿದರು. ನಾಲ್ಕರ ಮುಖಪುಟದ ಮೇಲೂ ಬ್ಯಾಂಡಿನ ಹೆಸರೇ ಇತ್ತು.

ಒಪ್ಪಂದಗಳಲ್ಲಿ ಏನು ಹುಡುಕಬೇಕು?

ಎರಡು ಕಾಗದಗಳನ್ನು ತೆಗೆದಿಟ್ಟುಕೊಳ್ಳಿ: ಬ್ಯಾಂಡ್ ಸದಸ್ಯರು ತಮ್ಮೊಳಗೆ ಮಾಡಿಕೊಂಡದ್ದು, ಲೇಬಲ್ (ಆಲ್ಬಮ್ ಹೊರತರುವ ಕಂಪನಿ) ಜೊತೆ ಮಾಡಿಕೊಂಡದ್ದು. ಎರಡನೆಯದರಲ್ಲೇ ಹೆಚ್ಚು ಮುಳ್ಳುಗಳಿರುತ್ತವೆ.

ಮೊದಲು ಎಕ್ಸ್‌ಕ್ಲೂಸಿವಿಟಿ ಷರತ್ತು ನೋಡಿ. ಸಹಿ ಮಾಡಿದ್ದು ಬ್ಯಾಂಡಾದರೂ ಅದು ಪ್ರತಿ ಸದಸ್ಯರನ್ನು ವೈಯಕ್ತಿಕವಾಗಿ ಕಟ್ಟಿಹಾಕುವುದು ಸಾಮಾನ್ಯ. ಹಾಗಿದ್ದರೆ ಲೇಬಲ್‌ನ ಲಿಖಿತ ಅನುಮತಿಯಿಲ್ಲದೆ ನೀವು ಬೇರೆಡೆ ಹಾಡುವಂತಿಲ್ಲ, ನುಡಿಸುವಂತಿಲ್ಲ. ಎರಡನೆಯದು, ಸದಸ್ಯರ ಸೋಲೋ ಆಲ್ಬಮ್ ಮೇಲೆ ಲೇಬಲ್‌ಗಿರುವ ಮೊದಲ ಹಕ್ಕು. ‘ಮೊದಲು ನಮಗೆ ತೋರಿಸಿ’ ಎಂದಷ್ಟೇ ಇದೆಯೋ, ‘ನಾವು ಕೇಳಿದರೆ ಕೊಡಲೇಬೇಕು’ ಎಂದಿದೆಯೋ ನೋಡಿ, ಎರಡಕ್ಕೂ ಅಜಗಜಾಂತರ. ಮೂರನೆಯದು ಬಾಕಿ ಹೊಂದಾಣಿಕೆ. ಬ್ಯಾಂಡಿನ ಆಲ್ಬಮ್‌ಗೆ ಲೇಬಲ್ ಕೊಟ್ಟ ಮುಂಗಡ ಇನ್ನೂ ವಸೂಲಾಗಿಲ್ಲದಿದ್ದರೆ, ನಿಮ್ಮ ಸೋಲೋ ಆಲ್ಬಮ್‌ನ ಗಳಿಕೆಯಿಂದ ಅದನ್ನು ಮುರಿದುಕೊಳ್ಳಲು ಈ ಷರತ್ತು ದಾರಿ ಮಾಡಿಕೊಡುತ್ತದೆ. ಇದನ್ನು ತೆಗೆಸದೆ ಸಹಿ ಹಾಕಬೇಡಿ. ನಾಲ್ಕನೆಯದು ಮರು-ರೆಕಾರ್ಡಿಂಗ್ ನಿಷೇಧ: ಬ್ಯಾಂಡಿನ ಹಾಡನ್ನು ಇಷ್ಟು ವರ್ಷ ಮತ್ತೆ ರೆಕಾರ್ಡ್ ಮಾಡಬಾರದು ಎಂಬ ಕಟ್ಟಳೆ. ಬಿಡುಗಡೆಯಿಂದ 5 ವರ್ಷ ಎಂಬುದು ಹಳೆಯ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕಾಣುವ ಅವಧಿ.

ಸಂಗೀತದ ಒಪ್ಪಂದಗಳನ್ನು ಓದಿ ಅಭ್ಯಾಸವಿರುವ ವಕೀಲರಿಗೇ ತೋರಿಸಿ.

ಬ್ಯಾಂಡ್ ಬೇಡವೆಂದ ಹಾಡನ್ನು ನಾನು ಬಳಸಬಹುದೇ?

ಹಾಡು ಪೂರ್ತಿ ನಿಮ್ಮದೇ ಆಗಿದ್ದು, ಅದರ ಹಕ್ಕನ್ನು ಬೇರೆ ಯಾರಿಗೂ ಬರೆದುಕೊಟ್ಟಿರದಿದ್ದರೆ ಬಳಸಬಹುದು. ಜಾರ್ಜ್ ಹ್ಯಾರಿಸನ್ 1970ರ ನವೆಂಬರಿನಲ್ಲಿ ಮೂರು ಎಲ್‌ಪಿಗಳ ಆಲ್ಬಮ್ ತಂದದ್ದು ಹೀಗೆ ಗಂಟು ಕಟ್ಟಿಟ್ಟಿದ್ದ ಹಲವು ಹಾಡುಗಳನ್ನು ಸೇರಿಸಿಕೊಂಡೇ. ಬೀಟಲ್ಸ್ ಆಲ್ಬಮ್‌ಗಳಲ್ಲಿ ಅವರ ಪಾಲಿಗೆ ಸಾಮಾನ್ಯವಾಗಿ ಒಂದೆರಡು ಹಾಡಿನ ಜಾಗವಷ್ಟೇ ಸಿಗುತ್ತಿತ್ತು.

ಇಲ್ಲಿ ಎರಡು ಹಕ್ಕುಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬರೆದವರದ್ದು. ರೆಕಾರ್ಡಿಂಗ್‌ನ ಹಕ್ಕು ಖರ್ಚು ಹಾಕಿದವರದ್ದೋ ಒಪ್ಪಂದದಲ್ಲಿ ಹೆಸರಿಸಿದವರದ್ದೋ ಆಗಿರುತ್ತದೆ. ಹಾಗಾಗಿ ಹಾಡು ನಿಮ್ಮದಾಗಿದ್ದರೂ ಬ್ಯಾಂಡಿನ ಜೊತೆ ಮಾಡಿದ ಡೆಮೊ (ಕಚ್ಚಾ ಮಾದರಿ ರೆಕಾರ್ಡಿಂಗ್) ನಿಮ್ಮದಾಗಿರಬೇಕೆಂದಿಲ್ಲ. ಆ ಡೆಮೊದಿಂದ ಡ್ರಮ್ಸ್ ಟ್ರ್ಯಾಕ್ ಎತ್ತಿಕೊಳ್ಳುವುದು ಕೂಡ ಅನುಮತಿ ಬೇಕಾದ ಕೆಲಸ. ಹೊಸದಾಗಿ ನುಡಿಸಿ.

ರಿಹರ್ಸಲ್‌ನಲ್ಲಿ ಎಲ್ಲರೂ ಸೇರಿ ನುಡಿಸುತ್ತಾ ಹುಟ್ಟಿದ, ಮರುಮರಳಿ ಬರುವ ಚಿಕ್ಕ ಸ್ವರಗುಚ್ಛಗಳಾದ ರಿಫ್‌ಗಳೇ ಹೆಚ್ಚು ಜಗಳ ತರುತ್ತವೆ. ನಿಮ್ಮ ರಿಫ್ ಮೇಲೆ ಬೇಸ್ ವಾದಕ ಪಲ್ಲವಿಯ ರಾಗ ಕಟ್ಟಿದ್ದರೆ ಆತ ಸಹಸಂಯೋಜಕ. ಹಾಡಿನ ಹೆಸರು, ಬರೆದವರ ಹೆಸರು, ಪ್ರತಿಯೊಬ್ಬರ ಶೇಕಡಾವಾರು, ದಿನಾಂಕ, ಸಹಿ, ಇಷ್ಟಿರುವ ಒಂದು ಪುಟ ಸಾಕು. ರೆಕಾರ್ಡಿಂಗ್ ಶುರುವಾಗುವ ಮೊದಲೇ ಹಾಡಿಗೊಂದರಂತೆ ಬರೆಸಿಕೊಳ್ಳಿ. ಮೂಲ ಫೋನ್ ರೆಕಾರ್ಡಿಂಗ್‌ಗಳನ್ನು ದಿನಾಂಕ ಸಮೇತ ಉಳಿಸಿಕೊಳ್ಳಿ.

ಎಷ್ಟು ಹಾಡು ಬೇಕು?

ಇಪ್ಪತ್ತು ಡೆಮೊ ಮಾಡಿ, ಹತ್ತು ಇಟ್ಟುಕೊಳ್ಳಿ. ಒಟ್ಟು 35ರಿಂದ 42 ನಿಮಿಷ. ಬ್ಯಾಂಡಿನಲ್ಲಿ ‘ಇದು ಬೇಡ’ ಎನ್ನಲು ಮೂರು ಜನರಿದ್ದರು. ಅವರಿಲ್ಲದ ಮೊದಲ ಸಲ ಎಲ್ಲವನ್ನೂ ತುಂಬಿಬಿಡುವ ಆಸೆ ಬರುತ್ತದೆ. ಡೆಮೊಗಳನ್ನು ಎರಡು ವಾರ ಕೇಳದೆ ಇಟ್ಟು, ನಂತರ ಒಂದೇ ಸಲಕ್ಕೆ ಕೂತು ಎಲ್ಲವನ್ನೂ ಕೇಳಿ. ಒಂದು ನಿಮಿಷದೊಳಗೆ ಹಾಡು ಶುರುವಾಗದಿದ್ದರೆ ಮುನ್ನುಡಿಯನ್ನು ಅರ್ಧಕ್ಕಿಳಿಸಿ. ಒಂದೇ ಲಯವೇಗದ, ಒಂದೇ ಶ್ರುತಿಯ ಮೂರು ಹಾಡು ಒಟ್ಟಿಗೆ ಬಂದರೆ ಒಂದನ್ನು ಬಿಡಿ. ಗಿಟಾರ್ ವಾದಕರ ಆಲ್ಬಮ್‌ಗಳಲ್ಲಿ ಇದು ತುಂಬಾ ಆಗುತ್ತದೆ, ಏಕೆಂದರೆ ಕೈ ಹೋಗುವುದು ಇ ಮತ್ತು ಎ ಶ್ರುತಿಗಳ ಕಡೆಗೇ.

ಎಲ್ಲ ವಾದ್ಯಗಳನ್ನೂ ನಾನೇ ನುಡಿಸಲೇ?

ಬರುವಷ್ಟನ್ನು ನುಡಿಸಿ, ಆದರೆ ಕಂಟ್ರೋಲ್ ರೂಮಿನಲ್ಲಿ ಒಬ್ಬರು ಕೂತಿರಲಿ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1970ರ ಮೊದಲ ಸೋಲೋ ಆಲ್ಬಮ್‌ನಲ್ಲಿ ವಾದ್ಯಗಳನ್ನೆಲ್ಲ ತಾವೇ ನುಡಿಸಿದರು, ಬಹಳಷ್ಟನ್ನು ಮನೆಯಲ್ಲೇ ನಾಲ್ಕು ಟ್ರ್ಯಾಕ್‌ಗಳ ಯಂತ್ರದಲ್ಲಿ. ನಿರ್ವಾಣ ಬ್ಯಾಂಡಿನ ಡ್ರಮ್ಸ್ ವಾದಕರಾಗಿದ್ದ ಡೇವ್ ಗ್ರೋಲ್ 1994ರ ಅಕ್ಟೋಬರಿನಲ್ಲಿ ರಾಬರ್ಟ್ ಲ್ಯಾಂಗ್ ಸ್ಟುಡಿಯೋದಲ್ಲಿ ಸುಮಾರು ಒಂದು ವಾರದಲ್ಲಿ, ಒಂದು ಗಿಟಾರ್ ಭಾಗದ ಹೊರತು ಎಲ್ಲವನ್ನೂ ಒಬ್ಬರೇ ನುಡಿಸಿ ಒಂದು ಆಲ್ಬಮ್ ಮುಗಿಸಿದರು. ಆದರೆ ಅಲ್ಲಿ ಬ್ಯಾರೆಟ್ ಜೋನ್ಸ್ ಸಹ ಪ್ರೊಡ್ಯೂಸರ್ ಆಗಿ ಜೊತೆಗಿದ್ದರು, ಹಾಡುಗಳೂ ಮೊದಲೇ ಕೈಗೆ ಕೂತಿದ್ದವು. ಸ್ಟುಡಿಯೋಗೆ ಹೋಗಿ ಬರೆಯುತ್ತೇನೆ ಎನ್ನುವವರಿಗೆ ಈ ವೇಗ ಸಿಗದು.

ಒಬ್ಬರೇ ನುಡಿಸುವಾಗ ಕೆಲಸದ ಕ್ರಮ ಹೀಗಿರಲಿ. ಮೊದಲು ಹಾಡಿನ ಲಯವೇಗದ ನಕ್ಷೆ ಮಾಡಿ. ಇಡೀ ಹಾಡಿಗೆ ಒಂದೇ ವೇಗ ಇಟ್ಟರೆ ಪಲ್ಲವಿ ಜಡವಾಗಿ ಕೇಳುತ್ತದೆ; ಬ್ಯಾಂಡಿನಲ್ಲಿ ಎಲ್ಲರೂ ತಿಳಿಯದೆಯೇ ಅಲ್ಲಿ ತುಸು ವೇಗ ಏರಿಸುತ್ತಿರುತ್ತಾರೆ. ಚರಣ 120 ಬಿಪಿಎಂ (ನಿಮಿಷಕ್ಕೆ 120 ತಾಳದೇಟು) ಇದ್ದರೆ ಪಲ್ಲವಿಗೆ 121 ಅಥವಾ 122 ಕೊಟ್ಟು ನೋಡಿ. ಆಮೇಲೆ ಕ್ಲಿಕ್ (ಲಯ ತೋರಿಸುವ ಟಿಕ್ ಸದ್ದು) ಜೊತೆ ಮಾರ್ಗದರ್ಶಿ ಗಿಟಾರ್ ಮತ್ತು ಗಾಯನ. ಇದನ್ನು ಕೊನೆಗೆ ಅಳಿಸುವುದಾದರೂ ಲಯ ಬಿಗಿಯಾಗಿರಬೇಕು, ಏಕೆಂದರೆ ಡ್ರಮ್ಸ್ ಇದನ್ನೇ ನಂಬಿ ಕೂರುತ್ತದೆ. ನಂತರ ಡ್ರಮ್ಸ್. ಡ್ರಮ್ಸ್ ಮುಗಿದ ಮೇಲೆ ಮಾರ್ಗದರ್ಶಿ ಗಿಟಾರನ್ನೂ ಕ್ಲಿಕ್ಕನ್ನೂ ಮುಚ್ಚಿ, ಡ್ರಮ್ಸ್ ಕೇಳುತ್ತಲೇ ಬೇಸ್ ನುಡಿಸಿ. ಬೇಸನ್ನು ಕ್ಲಿಕ್ ಜೊತೆ ನುಡಿಸಿದರೆ ಎರಡೂ ಪ್ರತ್ಯೇಕವಾಗಿ ಸರಿಯಿದ್ದು, ಒಟ್ಟಿಗೆ ಕೂರುವುದಿಲ್ಲ. ಒಬ್ಬರೇ ನುಡಿಸಿದ ಆಲ್ಬಮ್ ‘ಯಂತ್ರದಂತಿದೆ’ ಎನಿಸುವುದಕ್ಕೆ ಇದೇ ಮುಖ್ಯ ಕಾರಣ. ಆಮೇಲೆ ಗಿಟಾರ್, ಕೀಬೋರ್ಡ್, ಕೊನೆಗೆ ಗಾಯನ.

ಯಾವುದೋ ಒಂದು ವಾದ್ಯದಲ್ಲಿ ಹತ್ತು ಟೇಕ್ ಆದರೂ ನೆಲೆ ಸಿಗದಿದ್ದರೆ ಅದು ನಿಮ್ಮ ವಾದ್ಯವಲ್ಲ. ಬಲ್ಲವರನ್ನು ಕರೆಯಿರಿ.

ಡ್ರಮ್ಸ್ ತೆಳುವಾಗಿ ಕೇಳುತ್ತಿದೆ. ಮೈಕ್ ಬದಲಿಸಲೇ?

ಮೈಕ್ ಬದಲಿಸುವುದು ಕೊನೆಯ ಕೆಲಸ. ಹಳೆಯ ಡ್ರಮ್ ಹೆಡ್‌ಗಳಿದ್ದರೆ ಮೊದಲು ಬದಲಿಸಿ, ಒಂದು ದಿನ ಎಳೆದು ಕೂರಲು ಬಿಟ್ಟು ಶ್ರುತಿ ಮಾಡಿ. ಆಮೇಲೆ ಅಂತರ ಅಳೆಯಿರಿ. ಸದ್ದು 34 ಸೆಂಟಿಮೀಟರ್ ಸಾಗಲು ಸುಮಾರು 1 ಮಿಲಿಸೆಕೆಂಡ್ ಬೇಕು. ಎರಡು ಓವರ್‌ಹೆಡ್ ಮೈಕ್‌ಗಳು ಸ್ನೇರ್‌ನಿಂದ ಬೇರೆ ಬೇರೆ ದೂರದಲ್ಲಿದ್ದರೆ ಒಂದೇ ಏಟು ಎರಡು ಹೊತ್ತಿಗೆ ತಲುಪಿ, ಸದ್ದಿನ ಕೆಲವು ಭಾಗಗಳು ಒಂದನ್ನೊಂದು ನುಂಗಿಹಾಕುತ್ತವೆ. ಸ್ನೇರ್‌ನ ನಡುವಿನಿಂದ ಎರಡೂ ಮೈಕ್‌ಗಳಿಗೆ ದಾರ ಹಿಡಿದು ಸಮ ಮಾಡಿ. ಸ್ನೇರ್‌ನ ಕೆಳಗೂ ಮೈಕ್ ಇಟ್ಟಿದ್ದರೆ ಅದರ ಸಿಗ್ನಲ್ ತಿರುವುಮುರುವು ಮಾಡುವ ಪೊಲಾರಿಟಿ ಗುಂಡಿ ಒತ್ತಿ ಕೇಳಿ. ಯಾವ ಸ್ಥಿತಿಯಲ್ಲಿ ಸ್ನೇರ್ ದಪ್ಪಗೆ ಕೇಳುತ್ತದೋ ಅದೇ ಸರಿ.

ಕೋಣೆ ಚಿಕ್ಕದಾಗಿದ್ದರೆ ನಾಲ್ಕು ಮೈಕ್ ಸಾಕು: ಕಿಕ್, ಸ್ನೇರ್, ಸ್ನೇರ್‌ನ ಮೇಲೆ ಸುಮಾರು 1 ಮೀಟರ್ ಎತ್ತರದಲ್ಲಿ ಒಂದು, ಫ್ಲೋರ್ ಟಾಮ್ ಪಕ್ಕದಿಂದ ಅಷ್ಟೇ ದೂರದಲ್ಲಿ ಸ್ನೇರ್‌ನತ್ತ ಮುಖ ಮಾಡಿದ್ದು ಇನ್ನೊಂದು.

ಇನ್ನೊಂದು ವಿಷಯ: ಸಿಂಬಲ್‌ಗಳನ್ನು ಮೆಲ್ಲಗೆ, ಡ್ರಮ್‌ಗಳನ್ನು ಗಟ್ಟಿಯಾಗಿ ಹೊಡೆಯಿರಿ. ವೇದಿಕೆಯ ಅಭ್ಯಾಸದಲ್ಲಿ ಸಿಂಬಲ್ ಬಡಿದರೆ ಅದು ಎಲ್ಲ ಮೈಕ್‌ಗಳಿಗೂ ನುಗ್ಗುತ್ತದೆ, ಮಿಕ್ಸಿಂಗ್‌ನಲ್ಲಿ ಬಿಡಿಸಲಾಗದು.

ಗಿಟಾರ್ ಪದರ ಹೆಚ್ಚಿಸಿದಷ್ಟೂ ಸದ್ದು ಸಣ್ಣದಾಗುತ್ತಿದೆ, ಏಕೆ?

ಎಂಟು ಗಿಟಾರ್ ಟ್ರ್ಯಾಕ್‌ಗಳು ಒಂದೇ ಸ್ವರಸ್ಥಾನದಲ್ಲಿ, ಒಂದೇ ಆಂಪ್‌ನಲ್ಲಿ ಇದ್ದರೆ ಅವು ಒಂದರೊಳಗೊಂದು ಮಸುಕಾಗುತ್ತವೆ. ಎಡಕ್ಕೊಂದು, ಬಲಕ್ಕೊಂದು, ಅಷ್ಟೇ ಇಟ್ಟು ಶುರು ಮಾಡಿ. ಒಂದೇ ಟೇಕನ್ನು ನಕಲು ಮಾಡಿ ಎರಡೂ ಕಡೆ ಇಡುವುದರಿಂದ ಅಗಲ ಬರುವುದಿಲ್ಲ. ಎರಡು ಸಲ ನುಡಿಸಬೇಕು. ಡಿಸ್ಟಾರ್ಷನ್ ಪ್ರಮಾಣವನ್ನು ವೇದಿಕೆಯಲ್ಲಿ ಇಡುವುದಕ್ಕಿಂತ ಕಾಲು ಭಾಗ ತಗ್ಗಿಸಿ. ಮೂರನೆಯದು ಬೇಕೆನಿಸಿದರೆ ಕಾಪೊ ಹಾಕಿ ಬೇರೆ ಸ್ಥಾನದ ಕಾರ್ಡ್‌ಗಳಲ್ಲಿ ನುಡಿಸಿ.

ಮೈಕನ್ನು ಸ್ಪೀಕರ್ ಜಾಲರಿಯಿಂದ 2ರಿಂದ 5 ಸೆಂಟಿಮೀಟರ್ ದೂರದಲ್ಲಿ, ನಡುವಿನ ಗುಂಡುಭಾಗದ ಅಂಚಿಗೆ ನೇರವಾಗಿ ಇಡಿ. ಸದ್ದು ಚುಚ್ಚುವಂತಿದ್ದರೆ ಒಂದೊಂದೇ ಸೆಂಟಿಮೀಟರ್ ಹೊರಕ್ಕೆ ಸರಿಸಿ. ಜೊತೆಗೆ ಡಿಐ ಪೆಟ್ಟಿಗೆಯಿಂದ (ಆಂಪ್ ಬಿಟ್ಟು ಗಿಟಾರ್ ಸಿಗ್ನಲ್ ಕೊಡುವ ಸಾಧನ) ನೇರ ಸಿಗ್ನಲ್ ಕೂಡ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮೂರು ತಿಂಗಳ ನಂತರ ಆಂಪ್‌ನ ಸದ್ದು ಹಿಡಿಸದಿದ್ದರೆ ಮತ್ತೆ ನುಡಿಸದೆಯೇ ಬದಲಿಸಬಹುದು. ಪ್ರತಿ ಟೇಕ್‌ಗೂ ಮೊದಲು ಶ್ರುತಿ ನೋಡಿ. ಪದರಗಳಲ್ಲಿ ಅಪಶ್ರುತಿ ಹೆಚ್ಚುತ್ತಾ ಹೋಗುತ್ತದೆ.

ಈವರೆಗೆ ಹಿನ್ನೆಲೆ ಗಾಯನವಷ್ಟೇ ಮಾಡಿದ್ದೇನೆ. ಇಡೀ ಆಲ್ಬಮ್ ಹಾಡಲು ಆಗುತ್ತದೆಯೇ?

ಆಗುತ್ತದೆ, ಹಾಡಿನ ಶ್ರುತಿಯನ್ನು ನಿಮ್ಮ ಕಂಠಕ್ಕೆ ಹೊಂದಿಸಿದರೆ. ಬ್ಯಾಂಡಿನ ಗಾಯಕರ ಕಂಠಕ್ಕೆ ಬರೆದು ಅಭ್ಯಾಸವಾದವರು ತಿಳಿಯದೆಯೇ ಅದೇ ಎತ್ತರದಲ್ಲಿ ಬರೆಯುತ್ತಾರೆ. ಡೆಮೊ ಹಂತದಲ್ಲೇ ಪ್ರತಿ ಹಾಡನ್ನೂ ಮೂರು ಶ್ರುತಿಗಳಲ್ಲಿ ಹಾಡಿ ನೋಡಿ: ಬರೆದದ್ದು, ಎರಡು ಸೆಮಿಟೋನ್ ಕೆಳಗೆ, ನಾಲ್ಕು ಕೆಳಗೆ. ಪಲ್ಲವಿಯ ಅತಿ ಎತ್ತರದ ಸ್ವರವನ್ನು ಬೆಳಿಗ್ಗೆಯೂ ಸಂಜೆಯೂ ಸತತ ಐದು ಸಲ ಮುಟ್ಟಲಾಗದಿದ್ದರೆ ಶ್ರುತಿ ಇಳಿಸಿ. ಡ್ರಮ್ಸ್ ಮುಗಿದ ಮೇಲೂ ಇದು ಸಾಧ್ಯ, ಗಿಟಾರ್ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ನುಡಿಸಬೇಕಾಗುತ್ತದೆ.

ಮೈಕ್‌ನಿಂದ 15ರಿಂದ 20 ಸೆಂಟಿಮೀಟರ್ ದೂರ ನಿಲ್ಲಿ, ನಡುವೆ ಪಾಪ್ ಫಿಲ್ಟರ್ ಇರಲಿ. ಶ್ರುತಿ ಸದಾ ಮೇಲಕ್ಕೇರುತ್ತಿದ್ದರೆ ಅಥವಾ ಇಳಿಯುತ್ತಿದ್ದರೆ ಗಂಟಲನ್ನು ಬೈಯುವ ಮೊದಲು ಹೆಡ್‌ಫೋನ್ ಸದ್ದು ತಗ್ಗಿಸಿ, ಒಂದು ಕಿವಿಯದ್ದನ್ನು ಅರ್ಧ ಸರಿಸಿ ಹಾಡಿ ನೋಡಿ. ತಮ್ಮ ದನಿ ತಮಗೆ ಸರಿಯಾಗಿ ಕೇಳದೆಯೇ ಎಷ್ಟೋ ಜನ ಅಪಶ್ರುತಿ ಹಾಡುತ್ತಾರೆ. ಕಂಪ್ಯೂಟರ್ ಮೂಲಕ ಕೇಳಿಸಿಕೊಳ್ಳುತ್ತಿದ್ದರೆ ರೆಕಾರ್ಡಿಂಗ್ ತಂತ್ರಾಂಶದ ಬಫರ್ 64 ಅಥವಾ 128 ಸ್ಯಾಂಪಲ್‌ಗೆ ಇಳಿಸಿ, ಇಲ್ಲವಾದರೆ ದನಿ ತಡವಾಗಿ ಬಂದು ಲಯ ಹಿಂದೆ ಬೀಳುತ್ತದೆ.

ಹಾಡಿಗೆ ಐದಾರು ಪೂರ್ಣ ಟೇಕ್. ದಿನಕ್ಕೆ ಎರಡು ಹಾಡಿಗಿಂತ ಹೆಚ್ಚು ಬೇಡ. ಒಳ್ಳೆಯ ಸಾಲುಗಳನ್ನು ಆರಿಸಿ ಜೋಡಿಸುವುದನ್ನು ಮರುದಿನ, ಸಾಧ್ಯವಾದರೆ ಬೇರೆಯವರ ಕಿವಿಯಿಂದ ಮಾಡಿಸಿ.

ಪ್ರೊಡ್ಯೂಸರ್ ಬೇಕೇ ಬೇಕೇ?

ಆ ಹೆಸರಿನವರು ಬೇಡದಿರಬಹುದು, ಆ ಕೆಲಸ ಮಾಡುವವರು ಬೇಕು. ಸೋಲೋ ಆಲ್ಬಮ್‌ಗೆ ಹಾಕಬಹುದಾದ ಹಣದಲ್ಲಿ ಇದರಷ್ಟು ಫಲ ಕೊಡುವ ಖರ್ಚು ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಳ್ಳೆಯ ಮೈಕ್ ಬಾಡಿಗೆಗೆ ಸಿಗುತ್ತದೆ. ‘ಎರಡನೇ ಚರಣ ತೆಗೆದುಬಿಡು’ ಎಂದು ಮುಖ ನೋಡಿ ಹೇಳುವವರು ಹಾಗೆ ಸಿಗುವುದಿಲ್ಲ.

ಪೂರ್ತಿ ಪ್ರೊಡ್ಯೂಸರ್ ಸಾಧ್ಯವಾಗದಿದ್ದರೆ ಮೂರು ಘಟ್ಟಗಳಿಗೆ ಒಬ್ಬರನ್ನು ಒಪ್ಪಿಸಿ: ಹಾಡುಗಳ ಆಯ್ಕೆ, ಗಾಯನದ ರೆಕಾರ್ಡಿಂಗ್, ಕೊನೆಯ ಮಿಕ್ಸ್. ಅವರ ಮಾತಿಗೆ ಎಷ್ಟು ಅಧಿಕಾರವೆಂದು ಮೊದಲೇ ತೀರ್ಮಾನಿಸಿ. ಉದಾಹರಣೆಗೆ, ಆಲ್ಬಮ್‌ನಿಂದ ಎರಡು ಹಾಡು ತೆಗೆಯುವ ಹಕ್ಕು ಅವರಿಗಿರಲಿ. ಬ್ಯಾಂಡಿನ ಸದಸ್ಯರನ್ನೇ ಇದಕ್ಕೆ ಕರೆಯಬಹುದೇ ಎಂದು ಹಲವರು ಕೇಳುತ್ತಾರೆ. ನೇರವಾಗಿ ಮಾತಾಡುವ ಸಲಿಗೆಯಿದ್ದರೆ ಅವರಿಗಿಂತ ಒಳ್ಳೆಯವರಿಲ್ಲ. ಆದರೆ ಒಬ್ಬರನ್ನು ಕರೆದು ಇನ್ನಿಬ್ಬರನ್ನು ಬಿಟ್ಟರೆ ಏನಾಗುತ್ತದೆಂದು ಯೋಚಿಸಿ.

ಗೆಳೆಯರು ಬಂದು ನುಡಿಸಿದರೆ ಕಾಗದ ಬೇಕೇ?

ಬೇಕು, ಅದೇ ದಿನ. ಯಾವ ಹಾಡು, ಏನು ನುಡಿಸಿದರು, ಸಂಭಾವನೆ ಎಷ್ಟು ಅಥವಾ ಉಚಿತವೇ, ರೆಕಾರ್ಡಿಂಗ್ ಬಿಡುಗಡೆಗೆ ಒಪ್ಪಿಗೆಯಿದೆಯೇ, ಹೆಸರನ್ನು ಹೇಗೆ ಅಚ್ಚು ಹಾಕಬೇಕು. ಬಂದವರು ಬೇರೆ ಲೇಬಲ್‌ನ ಕಲಾವಿದರಾಗಿದ್ದರೆ ಆ ಲೇಬಲ್‌ನ ಒಪ್ಪಿಗೆಯೂ ಬೇಕಾಗಬಹುದು. ಬಿಡುಗಡೆಯ ವಾರದಲ್ಲಿ ಇದು ಗೊತ್ತಾದರೆ ಹಾಡನ್ನೇ ತೆಗೆಯಬೇಕಾದೀತು.

ಮಿಕ್ಸಿಂಗ್‌ಗೆ ಫೈಲ್‌ಗಳನ್ನು ಹೇಗೆ ಕಳಿಸಬೇಕು?

ರೆಕಾರ್ಡ್ ಮಾಡುವಾಗಲೇ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟುಕೊಳ್ಳಿ, ನಡುವೆ ಬದಲಿಸಬೇಡಿ. ಜೋರಾದ ಸದ್ದು ಮೈನಸ್ 10 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲಲಿ. ಕಳಿಸುವಾಗ ಎಲ್ಲ ಟ್ರ್ಯಾಕ್‌ಗಳೂ ಹಾಡಿನ ಸೊನ್ನೆ ಬಿಂದುವಿನಿಂದಲೇ ಶುರುವಾಗುವ ವೇವ್ ಫೈಲ್‌ಗಳಾಗಿರಲಿ. ‘ಆಡಿಯೋ 37’ ಎಂಬಂಥ ಹೆಸರು ಬೇಡ. ‘ಗಿಟಾರ್ ಎಡ ಪಲ್ಲವಿ’ ಎಂದಿರಲಿ. ಜೊತೆಗೆ ಲಯವೇಗ, ನೀವೇ ಮಾಡಿದ ಕಚ್ಚಾ ಮಿಕ್ಸ್, ಮತ್ತು ಒಂದು ಪುಟದ ಟಿಪ್ಪಣಿ.

ತಿದ್ದುಪಡಿಗಳನ್ನು ಒಟ್ಟುಗೂಡಿಸಿ ಒಮ್ಮೆಗೇ ಕಳಿಸಿ, ನಿಮಿಷ-ಸೆಕೆಂಡ್ ಸಮೇತ. ‘ಇನ್ನೂ ಸ್ವಲ್ಪ ಜೀವ ಬೇಕು’ ಎಂದು ಬರೆದರೆ ಮಿಕ್ಸಿಂಗ್ ಮಾಡುವವರಿಗೆ ಏನೂ ಗೊತ್ತಾಗುವುದಿಲ್ಲ. ‘1:42ರಲ್ಲಿ ಸ್ನೇರ್ ಹಿಂದೆ ಸರಿಯುತ್ತದೆ’ ಎಂದರೆ ಗೊತ್ತಾಗುತ್ತದೆ. ಮೂರು ಸುತ್ತು ತಿದ್ದುಪಡಿ ಸಾಕು. ತಮ್ಮ ವಾದ್ಯವನ್ನೇ ಏರಿಸಿ ಎಂದು ಕೇಳುವುದು ಎಲ್ಲ ವಾದಕರ ಚಾಳಿ; ಅಂಥ ಬೇಡಿಕೆಯನ್ನು ಒಂದು ದಿನ ತಡೆದು ಕಳಿಸಿ.

ಎಲ್ಲ ಫೈಲ್‌ಗಳ ಮೂರು ಪ್ರತಿ ಇರಲಿ, ಒಂದು ಬೇರೆ ಕಟ್ಟಡದಲ್ಲಿ.

ಮಾಸ್ಟರಿಂಗ್ (ಮಿಕ್ಸ್‌ಗೆ ಕೊಡುವ ಕೊನೆಯ ಹದ) ಎಷ್ಟು ಜೋರಾಗಿರಬೇಕು?

ಸ್ಪಾಟಿಫೈ ಸಾಮಾನ್ಯ ಸ್ಥಿತಿಯಲ್ಲಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಂದು ಕೇಳಿಸುತ್ತದೆ. ಹಾಗಾಗಿ ಮೈನಸ್ 6ಕ್ಕೆ ಹಿಂಡಿ ಕಳಿಸಿದರೆ ಲಾಭವಿಲ್ಲ. ಸದ್ದು ಇಳಿಯುತ್ತದೆ, ಚಪ್ಪಟೆತನ ಮಾತ್ರ ಉಳಿಯುತ್ತದೆ. ಹಾಗೆಂದು ರಾಕ್ ಆಲ್ಬಮ್‌ಅನ್ನು 14ಕ್ಕೇ ನಿಲ್ಲಿಸಬೇಕಿಲ್ಲ. ಮೈನಸ್ 11ರಿಂದ 9ರ ನಡುವೆ ಗಿಟಾರ್‌ಗಳ ಗಟ್ಟಿತನವೂ ಡ್ರಮ್ಸ್‌ನ ಏಟೂ ಉಳಿಯುತ್ತವೆ. ಟ್ರೂ ಪೀಕ್, ಅಂದರೆ ಸದ್ದಿನ ಅತಿ ಎತ್ತರದ ತುದಿ, ಮೈನಸ್ 1 ಡೆಸಿಬಲ್ ದಾಟದಿರಲಿ. ಮಿಕ್ಸ್ ಕಳಿಸುವಾಗ ಮುಖ್ಯ ಚಾನೆಲ್‌ನ ಲಿಮಿಟರ್ (ಜೋರಾದ ಸದ್ದನ್ನು ತಡೆಯುವ ಉಪಕರಣ) ತೆಗೆದಿರಬೇಕು.

ವಿನೈಲ್ ಕೂಡ ಬೇಕೆಂದರೆ?

ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಇಂಚಿನ ತಟ್ಟೆಯಲ್ಲಿ ಪ್ರತಿ ಬದಿಗೆ 18ರಿಂದ 22 ನಿಮಿಷ. ಅದಕ್ಕಿಂತ ಹೆಚ್ಚು ತುಂಬಿದರೆ ಗೆರೆಗಳು ಕಿರಿದಾಗಿ ಸದ್ದು ಇಳಿಯುತ್ತದೆ. ಒಳಗಿನ ಗೆರೆಗಳಲ್ಲಿ ಎತ್ತರದ ಸ್ವರಗಳು ಒಡೆದು ಕೇಳುವುದರಿಂದ ಅಬ್ಬರದ ಹಾಡು ಬದಿಯ ಮೊದಲಿಗೆ, ಮೆಲುವಾದದ್ದು ಕೊನೆಗೆ ಬರಲಿ. ಹಾಡುಗಳ ಕ್ರಮ ತೀರ್ಮಾನಿಸುವಾಗಲೇ ಇದು ತಲೆಯಲ್ಲಿರಬೇಕು. ಬೇಸ್ ಮತ್ತು ಕಿಕ್ ನಡುವಿನಲ್ಲೇ ಇರಲಿ. ವಿನೈಲ್‌ಗೆ ಬೇರೆಯೇ ಮಾಸ್ಟರ್ ಕೇಳಿ. ಪರೀಕ್ಷಾ ಪ್ರತಿ ಕೈಗೆ ಬಂದು ಎರಡು ಬೇರೆ ಬೇರೆ ಪ್ಲೇಯರ್‌ಗಳಲ್ಲಿ ಕೇಳುವವರೆಗೆ ಬಿಡುಗಡೆ ದಿನಾಂಕ ಘೋಷಿಸಬೇಡಿ.

ಸ್ವಂತ ಹೆಸರೋ, ಹೊಸ ಹೆಸರೋ?

ನಿಮ್ಮ ಹೆಸರು ಸಾಮಾನ್ಯವಾದದ್ದಾಗಿದ್ದರೆ ಸ್ಟ್ರೀಮಿಂಗ್ ತಾಣಗಳಲ್ಲಿ ಹುಡುಕಿ ನೋಡಿ. ಅದೇ ಹೆಸರಿನ ಇನ್ನೊಬ್ಬರ ಪುಟಕ್ಕೆ ನಿಮ್ಮ ಆಲ್ಬಮ್ ಹೋಗಿ ಕೂರುವುದು ತೀರಾ ಸಾಮಾನ್ಯ. ಅಪ್‌ಲೋಡ್ ಮಾಡುವಾಗಲೇ ‘ಹೊಸ ಕಲಾವಿದ’ ಎಂದು ಆರಿಸಿ, ಬಂದ ಪುಟದ ವಿಳಾಸ ಬರೆದಿಟ್ಟುಕೊಳ್ಳಿ. ಬ್ಯಾಂಡಿನ ಹೆಸರನ್ನು ಮುಖ್ಯ ಕಲಾವಿದರ ಸಾಲಿನಲ್ಲಿ ಹಾಕಿದರೆ ಆಲ್ಬಮ್ ಬ್ಯಾಂಡಿನ ಪುಟದಲ್ಲೂ ಕಾಣಿಸಿಕೊಳ್ಳುತ್ತದೆ. ಎಲ್ಲ ಸದಸ್ಯರ ಒಪ್ಪಿಗೆಯಿಲ್ಲದೆ ಹಾಗೆ ಮಾಡಬೇಡಿ. ಡೇವ್ ಗ್ರೋಲ್ ಒಬ್ಬರೇ ನುಡಿಸಿದ ಆ ಆಲ್ಬಮ್‌ಅನ್ನು 1995ರಲ್ಲಿ ಬಿಡುಗಡೆ ಮಾಡಿದ್ದು ತಮ್ಮ ಹೆಸರಿನಲ್ಲಲ್ಲ, ಫೂ ಫೈಟರ್ಸ್ ಎಂಬ ಗುಂಪಿನ ಹೆಸರಿನಲ್ಲಿ. ಮುಂದೆ ಅದೇ ಬ್ಯಾಂಡಾಗಿ ಬೆಳೆಯಿತು. ಬೇರೆಯವರನ್ನು ಸೇರಿಸಿಕೊಳ್ಳುವ ಯೋಚನೆಯಿದ್ದರೆ ಇದು ಒಳ್ಳೆಯ ದಾರಿ.

ಪ್ರತಿ ಹಾಡಿನ ರೆಕಾರ್ಡಿಂಗ್‌ಗೂ ಅದನ್ನು ಗುರುತಿಸುವ 12 ಅಕ್ಷರಾಂಕಗಳ ಸಂಕೇತವಾದ ಐಎಸ್‌ಆರ್‌ಸಿ, ಇಡೀ ಆಲ್ಬಮ್‌ಗೆ ಒಂದು ಬಾರ್‌ಕೋಡ್ ಸಂಖ್ಯೆ ಬೇಕು. ಒಂದೇ ರೆಕಾರ್ಡಿಂಗ್ ಸಿಂಗಲ್ ಆಗಿಯೂ ಆಲ್ಬಮ್‌ನಲ್ಲೂ ಬಂದರೆ ಅದೇ ಐಎಸ್‌ಆರ್‌ಸಿ ಬಳಸಿ. ಬೇರೆ ಕೊಟ್ಟರೆ ಕೇಳಿದವರ ಲೆಕ್ಕ ಎರಡಾಗಿ ಒಡೆಯುತ್ತದೆ. ಮುಖಪುಟ 3000 ಗುಣಿಸು 3000 ಪಿಕ್ಸೆಲ್, ಅದರ ಮೇಲೆ ಜಾಲತಾಣದ ವಿಳಾಸ ಬೇಡ.

ಬಿಡುಗಡೆಗೆ ಎಷ್ಟು ಮುಂಚೆ ಸಿದ್ಧವಾಗಬೇಕು?

ಮಾಸ್ಟರ್ ಕೈಗೆ ಬಂದ ಮೇಲೆ ಹತ್ತು ವಾರ ಇಟ್ಟುಕೊಳ್ಳಿ. ವಿತರಕರಿಗೆ ನಾಲ್ಕು ವಾರ ಮೊದಲೇ ಅಪ್‌ಲೋಡ್ ಆಗಿರಲಿ. ಸ್ಪಾಟಿಫೈ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ಸೂಚಿಸಲು ಕನಿಷ್ಠ 7 ದಿನ ಮುಂಚೆ ಕಳಿಸಬೇಕು, ಅದೂ ಆಲ್ಬಮ್‌ನಿಂದ ಒಂದೇ ಹಾಡು. ಬ್ಯಾಂಡಿನ ಪುಟದ ಅನುಯಾಯಿಗಳಿಗೆ ನಿಮ್ಮ ಹೊಸ ಪುಟದ ಸುದ್ದಿ ತಾನಾಗಿ ಹೋಗುವುದಿಲ್ಲ. ಆದ್ದರಿಂದ ಆಲ್ಬಮ್‌ಗೆ ಮೊದಲು ಆರು ವಾರಗಳ ಅಂತರದೊಳಗೆ ಎರಡು ಸಿಂಗಲ್ ಬಿಡಿ, ಜನ ಹೊಸ ಪುಟಕ್ಕೆ ಬಂದು ಸೇರಲು ಕಾಲ ಸಿಗಲಿ. ಮೊದಲ ಸಿಂಗಲ್ ಬ್ಯಾಂಡಿನ ಹಾಡಿನಂತೆಯೇ ಕೇಳುವುದಾದರೆ ಅದನ್ನು ಎರಡನೆಯದು ಮಾಡಿ.

ವೇದಿಕೆಯ ಮೇಲೆ ಬ್ಯಾಂಡಿನ ಹಾಡು ನುಡಿಸಬಹುದೇ?

ನುಡಿಸಬಹುದು. ಸಾಮಾನ್ಯವಾಗಿ ವೇದಿಕೆಯ ಪ್ರದರ್ಶನದ ಪರವಾನಗಿ ಕಾರ್ಯಕ್ರಮದ ಸ್ಥಳದವರದ್ದೋ ಆಯೋಜಕರದ್ದೋ ಹೊಣೆ. ನುಡಿಸಿದ ಹಾಡುಗಳ ಪಟ್ಟಿಯನ್ನು ಬರೆದವರ ಹೆಸರಿನೊಂದಿಗೆ ಕೊಡಿ. 45 ನಿಮಿಷದ ಕಾರ್ಯಕ್ರಮದಲ್ಲಿ ಒಂದು, ಹೆಚ್ಚೆಂದರೆ ಎರಡು ಸಾಕು, ಅದೂ ನೀವು ಬರೆದವೇ ಆಗಿರಲಿ. ಕೊನೆಯ ಹಾಡಾಗಿ ಇಡಬೇಡಿ. ಜನ ಅದನ್ನೇ ಕಾಯುತ್ತಾ ನಿಲ್ಲುತ್ತಾರೆ. ಪೋಸ್ಟರಿನಲ್ಲಿ ಬ್ಯಾಂಡಿನ ಹೆಸರು ನಿಮ್ಮ ಹೆಸರಿಗಿಂತ ದಪ್ಪಕ್ಷರದಲ್ಲಿ ಬರದಂತೆ ಆಯೋಜಕರಿಗೆ ಬರಹದಲ್ಲಿ ತಿಳಿಸಿ.

ಆಲ್ಬಮ್‌ನಲ್ಲಿ ಆರು ಗಿಟಾರ್‌ಗಳಿದ್ದರೂ ವೇದಿಕೆಗೆ ನಾಲ್ಕು ಜನರ ಮಟ್ಟಿಗೆ ಹಾಡುಗಳನ್ನು ಮತ್ತೆ ಕಟ್ಟಿ. ಹೊಸ ವಾದಕರಿಗೆ ಮೂರು ವಾರ ಮೊದಲು ಹಾಡುಗಳ ಜೊತೆ ಅವರವರ ವಾದ್ಯವನ್ನು ಮುಚ್ಚಿದ ಮಿಕ್ಸ್ ಕೂಡ ಕಳಿಸಿ, ಮನೆಯಲ್ಲಿ ಅದರ ಜೊತೆ ನುಡಿಸಿಕೊಂಡು ಬರುತ್ತಾರೆ. ಒಟ್ಟು ಐದು ರಿಹರ್ಸಲ್. ಕೊನೆಯ ಎರಡನ್ನು ನಡುವೆ ನಿಲ್ಲಿಸದೆ, ಶ್ರುತಿ ಬದಲಾವಣೆ ಮತ್ತು ಮಾತಿನ ಸಮಯವನ್ನೂ ಸೇರಿಸಿ, ಗಡಿಯಾರ ಇಟ್ಟುಕೊಂಡು ಮಾಡಿ. ಹಾಡುತ್ತಾ ನುಡಿಸುವುದು ಹೊಸದಾಗಿದ್ದರೆ ಕಷ್ಟದ ಗಿಟಾರ್ ಭಾಗವನ್ನು ಎರಡನೇ ಗಿಟಾರ್ ವಾದಕರಿಗೆ ಬಿಟ್ಟುಕೊಡಿ.